ಸೊನ್ನೆಗೆರೆಯ ಊರಿಗೆ ಮಿತವ್ಯಯದ ಯಾತ್ರೆ

ಭಾರತದ ಗಡಿಯಾರ ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಗ್ರೀನಿಚ್ ಒಂದು ಊರೆಂಬ ಭಾವನೆಯೇ ಇರುವುದಿಲ್ಲ. ಅದೊಂದು ಗೆರೆ, ಅಷ್ಟೆ. ಆದರೆ ಲಂಡನ್ನಿನ ಪೂರ್ವಭಾಗದಲ್ಲಿ, ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ, ಹಡಗು ನಾವಿಕರ ಚರಿತ್ರೆಯನ್ನೆಲ್ಲ ಹೊತ್ತು ನಿಂತಿರುವ ಹಳೆಯ ನೆಲೆಯದು. ಮಗನನ್ನೋ ಮಗಳನ್ನೋ ನೋಡಲು ಲಂಡನ್ನಿಗೆ ಹೋಗಿ, ಪ್ರತಿಯೊಂದು ಪೌಂಡನ್ನೂ ಮನಸ್ಸಿನಲ್ಲಿಯೇ ರೂಪಾಯಿಗೆ ಗುಣಿಸಿ ನಿಟ್ಟುಸಿರಿಡುವ ನಮ್ಮ ತಂದೆತಾಯಿಗಳಿಗೆ ಇದಕ್ಕಿಂತ ಒಪ್ಪುವ ತಾಣ ಆ ಮಹಾನಗರದಲ್ಲಿ ದೊರೆಯುವುದು ಕಷ್ಟ.

ವೆಸ್ಟ್‌ಮಿನ್‌ಸ್ಟರಿನಿಂದ ದೋಣಿಯಲ್ಲಿ ಬರುವುದು ಸೊಗಸೇನೋ ನಿಜ. ಆದರೆ ರೈಲಿಗಿಂತ ದುಬಾರಿ. ಡಾಕ್‌ಲ್ಯಾಂಡ್ಸ್ ರೈಲು ಹಿಡಿದು, ನದಿಯನ್ನು ದಾಟುವುದಕ್ಕೆ ಮೊದಲೇ, ಉತ್ತರ ದಡದ ಐಲೆಂಡ್ ಗಾರ್ಡನ್ಸ್ ನಿಲ್ದಾಣದಲ್ಲಿ ಇಳಿದುಬಿಡುವುದು ಜಾಣತನ. ಎದುರು ದಡದಲ್ಲಿ ಜೋಡಿ ಗುಮ್ಮಟಗಳು, ಅವುಗಳ ನಡುವಣ ತೆರಪಿನಲ್ಲಿ ರಾಣಿಯ ಬಿಳಿಯ ಅರಮನೆ, ಹಿಂದೆ ಹಸಿರು ಗುಡ್ಡ. ಹದಿನೆಂಟನೆಯ ಶತಮಾನದಲ್ಲಿ ವೆನಿಸ್ಸಿನ ಚಿತ್ರಕಾರ ಕ್ಯಾನಲೆಟ್ಟೊ ಈ ದಡದಿಂದ ಕಾಣುವ ನೋಟವನ್ನೇ ಚಿತ್ರಿಸಿದನು.

ಅಲ್ಲಿಂದ ನದಿಯ ಕೆಳಗೆ ನಡೆದೇ ಹೋಗಬೇಕು. ದಕ್ಷಿಣ ದಡದಲ್ಲಿ ಮನೆ, ಉತ್ತರ ದಡದ ಹಡಗುಕಟ್ಟೆಯಲ್ಲಿ ಕೆಲಸ ಎಂದಿದ್ದ ಕೂಲಿಕಾರರು ದೋಣಿಗೆ ಕಾಸು ತೆತ್ತು, ಮಂಜು ಕವಿದ ದಿನ ಅದೂ ಇಲ್ಲದೆ ಪರದಾಡುತ್ತಿದ್ದರು. ಅವರಿಗಾಗಿ 1902ರಲ್ಲಿ ತೆರೆದ ಸುರಂಗವಿದು. ಉದ್ದ ಸುಮಾರು 370 ಮೀಟರು, ಒಳಗೆಲ್ಲ ಬಿಳಿಯ ಹೆಂಚಿನ ಹೊದಿಕೆ. ಉತ್ತರದ ತುದಿಯಲ್ಲಿ ದಾರಿ ತುಸು ಕಿರಿದಾಗಿ ಕಾಣುವುದು, ಎರಡನೆಯ ಮಹಾಯುದ್ಧದ ಬಾಂಬಿನ ಪೆಟ್ಟಿಗೆ ಒಳಗಡೆ ಹಾಕಿದ ಕಬ್ಬಿಣದ ಕಟ್ಟಿನಿಂದ. ಅಂದೂ ಸುಂಕವಿರಲಿಲ್ಲ, ಇಂದೂ ಇಲ್ಲ. ಲಿಫ್ಟು ಕೆಟ್ಟಿದ್ದರೆ ಮಾತ್ರ ಮೊಣಕಾಲು ಸುಂಕ ತೆರಬೇಕಾಗುತ್ತದೆ.

ಮೇಲೆ ಬಂದೊಡನೆ ಕಟಿ ಸಾರ್ಕ್. ಚೀನಾದಿಂದ ಚಹಾ ತರಲೆಂದು 1869ರಲ್ಲಿ ಕಟ್ಟಿದ ಹಾಯಿಹಡಗು. ಅದರ ಚೆಲುವೆಲ್ಲ ಹೊರಗಿನ ಪಟಸ್ತಂಭಗಳಲ್ಲಿದೆ. ಇಡೀ ಸಂಸಾರಕ್ಕೆ ಒಳಗಿನ ಟಿಕೆಟ್ಟು ಕೊಳ್ಳುವ ಅವಸರ ಬೇಡ. ಪಕ್ಕದ ಗುಮ್ಮಟದ ಕಟ್ಟಡಗಳು ವೃದ್ಧ ನಾವಿಕರಿಗಾಗಿ ಕ್ರಿಸ್ಟೊಫರ್ ರೆನ್ ಯೋಜಿಸಿದ ಆಶ್ರಯಧಾಮ. ಅವರ ಊಟದ ಮನೆಗೆ ಥಾರ್ನ್‌ಹಿಲ್ ಹತ್ತೊಂಬತ್ತು ವರ್ಷ ಬಣ್ಣ ಬಳಿದು ಮುಗಿಸುವಷ್ಟರಲ್ಲಿ, ಬಡ ನಾವಿಕರು ನಿತ್ಯ ಉಣ್ಣುವುದಕ್ಕೆ ಅದು ಅತಿಯಾಯಿತೆಂದು ತೋರಿತಂತೆ! ಅದಕ್ಕೆ ಈಗ ಟಿಕೆಟ್ಟುಂಟು, ಎದುರಿನ ಪ್ರಾರ್ಥನಾಮಂದಿರಕ್ಕಿಲ್ಲ. ನೌಕಾ ವಸ್ತುಸಂಗ್ರಹಾಲಯಕ್ಕೂ ಪ್ರವೇಶ ಉಚಿತ. 1805ರಲ್ಲಿ ಟ್ರಫಾಲ್ಗರ್ ಕದನದಂದು ನೆಲ್ಸನ್ ತೊಟ್ಟಿದ್ದ ಕೋಟು ಅಲ್ಲಿದೆ. ಎಡಭುಜದಲ್ಲಿ ಗುಂಡು ಹೊಕ್ಕ ತೂತು ಚಿಕ್ಕದು.

ಹಣ ಕೊಡುವುದೇ ಆದರೆ ಗುಡ್ಡದ ಮೇಲಿನ ವೀಕ್ಷಣಾಲಯಕ್ಕೆ ಕೊಡಬೇಕು. ಯಾವ ಕೋಣೆಗಳು ತೆರೆದಿವೆಯೆಂದು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ನಡುಗಡಲಿನಲ್ಲಿ ರೇಖಾಂಶ ತಿಳಿಯದೆ ಹಡಗುಗಳು ಬಂಡೆಗೆ ಬಡಿದು ಮುಳುಗುತ್ತಿದ್ದ ಕಾಲ. 1707ರಲ್ಲಿ ಸಿಲಿ ದ್ವೀಪಗಳ ಬಳಿ ಒಂದೇ ರಾತ್ರಿ ಸಾವಿರಕ್ಕೂ ಹೆಚ್ಚು ನಾವಿಕರು ನೀರುಪಾಲಾದರು. ಪರಿಹಾರ ಕಂಡುಹಿಡಿದವರಿಗೆ 20,000 ಪೌಂಡುಗಳವರೆಗೆ ಬಹುಮಾನವೆಂದು 1714ರಲ್ಲಿ ಶಾಸನವಾಯಿತು. ವಿದ್ವಾಂಸರು ಚಂದ್ರನನ್ನು ನೋಡುತ್ತಿದ್ದರು. ಬಡಗಿಯಾಗಿ ಬೆಳೆದ ಜಾನ್ ಹ್ಯಾರಿಸನ್ ಗಡಿಯಾರ ಮಾಡಿದನು. ಮೊದಲಿನ ಮೂರು ಭಾರಿ ಯಂತ್ರಗಳು; 1759ರಲ್ಲಿ ಮುಗಿಸಿದ ನಾಲ್ಕನೆಯದು ದೊಡ್ಡದೊಂದು ಜೇಬುಗಡಿಯಾರದಂತೆ. ಜಮೈಕಾದವರೆಗಿನ 81 ದಿನಗಳ ಪಯಣದಲ್ಲಿ ಅದು ತಪ್ಪಿದ್ದು ಐದು ಸೆಕೆಂಡು. ಆದರೂ ಪಂಡಿತಮಂಡಲಿ ಅವನನ್ನು ಸತಾಯಿಸಿತು. 1773ರಲ್ಲಿ, ಎಂಬತ್ತರ ಮುಪ್ಪಿನಲ್ಲಿ, ಅರಸನೇ ನಡುವೆ ಬಂದ ಮೇಲೆ ಪಾರ್ಲಿಮೆಂಟು ಹಣ ಕೊಟ್ಟಿತು. ಬಹುಮಾನವೆಂಬ ಹೆಸರು ಮಾತ್ರ ಕೊಡಲಿಲ್ಲ. ಮಕ್ಕಳಿಗೆ ಈ ಕಥೆಯನ್ನು ದಾರಿಯಲ್ಲಿಯೇ ಹೇಳಿ ಕರೆತಂದರೆ ಆ ನಾಲ್ಕು ಯಂತ್ರಗಳ ಮುಂದೆ ಟಿಕೆಟ್ಟಿನ ಬೆಲೆ ಮರೆತುಹೋಗುತ್ತದೆ.

ಅಂಗಳದೊಳಗಿನ ಸೊನ್ನೆಗೆರೆಯ ಮೇಲೆ ಕಾಲಿಟ್ಟು ಚಿತ್ರ ತೆಗೆಸಿಕೊಳ್ಳಲು ಜನ ಸಾಲುಗಟ್ಟುತ್ತಾರೆ. ಅದೇ ಗೆರೆ ಹೊರಗೋಡೆಯ ಮೇಲೆ ಇಳಿದು ಕೆಳಗಿನ ಕಾಲುದಾರಿಯಲ್ಲಿಯೂ ಇದೆ, ಅಲ್ಲಿ ಕೇಳುವವರಿಲ್ಲ. ಇಷ್ಟಕ್ಕೂ ಇಂದು ಉಪಗ್ರಹಗಳು ಲೆಕ್ಕಹಾಕುವ ಸೊನ್ನೆಗೆರೆ ಅಲ್ಲಿಂದ ಸುಮಾರು 102 ಮೀಟರು ಪೂರ್ವಕ್ಕೆ, ತೆರೆದ ಉದ್ಯಾನದ ನಡುವೆ ಹಾದುಹೋಗುತ್ತದೆ. ಅಲ್ಲಿ ಸಾಲೂ ಇಲ್ಲ, ಟಿಕೆಟ್ಟೂ ಇಲ್ಲ; ಮನೆಯಿಂದ ಕಟ್ಟಿಕೊಂಡು ಬಂದ ಚಪಾತಿ ಪಲ್ಯದ ಬುತ್ತಿ ಬಿಚ್ಚಲು ಬೇಕಾದಷ್ಟು ಹುಲ್ಲಿದೆ.