ಅಕಾಡೆಮಿಯ ಬೋರ್ಡು ಇದೆ, ಮೈದಾನ ಎಲ್ಲಿದೆ?

ಕಳೆದ ತಿಂಗಳು ಅಕ್ಕನ ಮಗನನ್ನು ಕರೆದುಕೊಂಡು ಹುಬ್ಬಳ್ಳಿಯ ಒಂದು ಫುಟ್‌ಬಾಲ್ ಅಕಾಡೆಮಿಗೆ ಹೋಗಿದ್ದೆ. ಹೆಸರು ಬೇಡ, ಅಂಥವು ಊರಲ್ಲಿ ಒಂದೇ ಇಲ್ಲ. ಹುಡುಗನಿಗೆ ಹನ್ನೊಂದು ವರ್ಷ, ಕಲಘಟಗಿ ಕಡೆಯ ಹಳ್ಳಿ. ಸುಗ್ಗಿ ಮುಗಿದ ಕಣದಲ್ಲಿ ಬರಿಗಾಲಲ್ಲಿ ಆಡುತ್ತಾನೆ, ಎಡಗಾಲಿನ ಹೊಡೆತ ಚೆನ್ನಾಗಿದೆ. ಕೌಂಟರಿನಲ್ಲಿ ಕೂತಿದ್ದವರು ಅವನ ಕಾಲು ನೋಡಲಿಲ್ಲ. ನೋಂದಣಿ, ತಿಂಗಳ ಫೀ, ಎರಡು ಜತೆ ಡ್ರೆಸ್ಸು, ಬೂಟು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮೈದಾನ ಎಲ್ಲಿ ಅಂದೆ. ಹಿಂದುಗಡೆ ಬಲೆ ಕಟ್ಟಿದ, ಪ್ಲಾಸ್ಟಿಕ್ ಹುಲ್ಲಿನ ಅಂಗಳ ತೋರಿಸಿದರು. ಐದೈದು ಜನ ಆಡಬಹುದು. ರಾತ್ರಿ ಅದನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರಂತೆ. ವಾಪಸ್ ಬರುವಾಗ ಹುಡುಗ ಕೇಳಿದ್ದು ಇಷ್ಟೇ: "ಮಾಮಾ, ಅಲ್ಲಿ ಕಾರ್ನರ್ ಎಲ್ಲಿಂದ ಹೊಡೀತಾರ?"

ನನ್ನ ಬಳಿ ಉತ್ತರ ಇರಲಿಲ್ಲ. ಬಲೆಯೊಳಗೆ ಕಾರ್ನರ್ ಇಲ್ಲ, ಥ್ರೋ ಇಲ್ಲ, ನಲವತ್ತು ಗಜದ ಪಾಸಂತೂ ಇಲ್ಲವೇ ಇಲ್ಲ. ಚೆಂಡು ಗೋಡೆಗೆ ಬಡಿದು ತಾನೇ ವಾಪಸ್ ಬರುತ್ತದೆ. ಆಫೀಸು ಮುಗಿಸಿ ಬಂದವರು ಬೆವರು ಹರಿಸಲು ಅದು ಒಳ್ಳೆಯ ಜಾಗ, ತಕರಾರಿಲ್ಲ. ಆದರೆ ಅದನ್ನು ಅಕಾಡೆಮಿ ಎಂದು ಕರೆಯುವುದು, ಬಕೆಟ್ ನೀರು ತೋರಿಸಿ ಈಜು ಶಾಲೆ ಎಂದ ಹಾಗೆ.

ಪೂರ್ಣ ಅಳತೆಯ ಫುಟ್‌ಬಾಲ್ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಎಕರೆ ಮೂವತ್ತು ಗುಂಟೆ. ಸುತ್ತ ಓಡಾಡಲು ಬಿಟ್ಟರೂ ಎರಡೂವರೆ ಎಕರೆ ಸಾಕು. 2023ರ ಮಾರ್ಚ್‌ನಲ್ಲಿ ಇದೇ ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ಜಗತ್ತಿನಲ್ಲೇ ಉದ್ದದ್ದು ಎಂದು ನಾವೆಲ್ಲ ಬರೆದೆವು. ಅದರ ಉದ್ದಕ್ಕೆ ಹದಿನಾಲ್ಕು ಫುಟ್‌ಬಾಲ್ ಅಂಕಣಗಳನ್ನು ಸಾಲಾಗಿ ಹಾಸಬಹುದು. 82 ವಾರ್ಡಿನ ಮಹಾನಗರಕ್ಕೆ ನಾನು ಕೇಳುತ್ತಿರುವುದು ಹದಿನಾಲ್ಕಲ್ಲ, ಒಂದು. ಸಂಜೆ ನಾಲ್ಕಕ್ಕೆ ಗೇಟು ತೆರೆದಿರುವ ಒಂದು.

ಇಲ್ಲಿ ಮೈದಾನಗಳೇ ಇಲ್ಲವೇ? ಇವೆ. ನೆಹರೂ ಮೈದಾನಕ್ಕೆ ಸ್ಮಾರ್ಟ್ ಸಿಟಿಯ ಹಣ ಬಂತು. ರೈಲ್ವೆ ಮೈದಾನವಿದೆ, ಧಾರವಾಡದಲ್ಲಿ ಆರ್.ಎನ್. ಶೆಟ್ಟಿ ಕ್ರೀಡಾಂಗಣವಿದೆ, ಕೆಸಿಡಿ ಮೈದಾನವಿದೆ. ಆದರೆ ನಮ್ಮಲ್ಲಿ ಮೈದಾನ ಎಂದರೆ ಮೊದಲು ಪೆಂಡಾಲಿನ ಜಾಗ, ಆಮೇಲೆ ಆಟದ ಜಾಗ. ಸಭೆ, ಉತ್ಸವ, ಮೇಳ, ಮಾರಾಟ. 2023ರ ಜನವರಿ 12ರಂದು ರಾಷ್ಟ್ರೀಯ ಯುವಜನೋತ್ಸವದ ಉದ್ಘಾಟನೆ ನಡೆದದ್ದೂ ರೈಲ್ವೆ ಕ್ರೀಡಾ ಮೈದಾನದಲ್ಲೇ. ಯುವಜನರ ಹಬ್ಬ ಮಾಡಲು ಯುವಜನರು ಆಡುವ ಜಾಗವೇ ಬೇಕಾಯಿತು. ಪೆಂಡಾಲು ಕಿತ್ತ ಮೇಲೆ ನೆಲದಲ್ಲಿ ಉಳಿಯುವ ಗೂಟದ ಕುಣಿ, ಮೊಳೆ, ಜಲ್ಲಿ ಬರಿಗಾಲಿನ ಹುಡುಗರಿಗೆ ಗೊತ್ತು, ಸಂಘಟಕರಿಗೆ ಗೊತ್ತಾಗುವುದಿಲ್ಲ.

ನೆಲದ ಮಾತು ಬಂದಿತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಬ್ಬಳ್ಳಿಯಿಂದ ನವಲಗುಂದ, ಕುಂದಗೋಳದ ಕಡೆಗೆ ಎರೆ ಭೂಮಿ. ಮಳೆಗಾಲದಲ್ಲಿ ಕಾಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ರೋಲರ್ ಹೊಡೆದು ಸುಣ್ಣದ ಗೆರೆ ಎಳೆದರೆ ಮೈದಾನ ಆಗುವುದಿಲ್ಲ. ಎರೆ ತೆಗೆಯಬೇಕು, ನೀರು ಬಸಿಯಲು ಕೆಳಗೆ ಜಲ್ಲಿ, ಮರಳು ಹಾಕಬೇಕು, ಮೇಲೆ ಕೆಂಪು ಮಣ್ಣು ತುಂಬಿ ಹುಲ್ಲು ಹಚ್ಚಬೇಕು. ಆಮೇಲೆ ವರ್ಷಪೂರ್ತಿ ನೀರು. ಇಲ್ಲಿ ನ್ಯಾಯವಾದ ಪ್ರಶ್ನೆಯೊಂದಿದೆ: ಕುಡಿಯುವ ನೀರಿಗೇ ದಿನಗಟ್ಟಲೆ ಕಾಯುವ ಊರಲ್ಲಿ ಹುಲ್ಲಿಗೆ ನೀರೆ? ಮಲಪ್ರಭೆಯ ನೀರು ಬೇಡ. ಶುದ್ಧೀಕರಿಸಿದ ಚರಂಡಿ ನೀರು ಸಾಕು, ಹುಲ್ಲು ಮುಖ ಸಿಂಡರಿಸುವುದಿಲ್ಲ.

ಅಕಾಡೆಮಿ ಎಂದರೆ ಏನೆಂದು ನೋಡಲು ಯುರೋಪಿಗೆ ಹೋಗಬೇಕಿಲ್ಲ. ಗದಗ, ಕೊಪ್ಪಳ, ಹೊಸಪೇಟೆ ದಾಟಿದರೆ ತೋರಣಗಲ್ಲು. ಅಲ್ಲಿ ಜೆಎಸ್‌ಡಬ್ಲ್ಯು ಕಂಪನಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆಯಿತು. ನೀರಜ್ ಚೋಪ್ರಾ ಅಭ್ಯಾಸ ಮಾಡಿದ ಜಾಗ. ಅದೇ ಕಂಪನಿಯ ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿಯನ್ನು ಅಲ್ಲೇ ನಡೆಸಿತು. ಇರಲು ಜಾಗ, ಓದು, ಊಟ, ವೈದ್ಯರು, ಹುಲ್ಲು. ಅದು ಉಕ್ಕಿನ ಹಣ, ಸರಿ. ಅಂಥದ್ದನ್ನು ಪಾಲಿಕೆ ಕಟ್ಟಲಿ ಎನ್ನುವಷ್ಟು ದಡ್ಡ ನಾನಲ್ಲ. ಆದರೆ ವಸತಿ ಅಕಾಡೆಮಿಗೆ ಸೇರುವ ಮೊದಲು ಒಬ್ಬ ಹುಡುಗ ಎಲ್ಲೋ ಐದಾರು ವರ್ಷ ಆಡಿರಬೇಕಲ್ಲ? ಆ 'ಎಲ್ಲೋ' ಇಲ್ಲದ ಊರಿನಿಂದ ಅಲ್ಲಿಗೆ ಯಾರು ಆಯ್ಕೆಯಾಗುತ್ತಾರೆ?

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ನಂತರ. ಎಲ್ಲರಂತೆ ನಾನೂ ಖುಷಿಪಟ್ಟೆ. ಆದರೆ ರಾಜ್ಯದ ದೊಡ್ಡ ಲೀಗ್ ಇಂದಿಗೂ ಬೆಂಗಳೂರಿನ ಲೀಗೇ. ಕ್ರಿಕೆಟ್ ನೋಡಿ: ರಾಜನಗರದಲ್ಲಿ ಕೆಎಸ್‌ಸಿಎ ಮೈದಾನವಿದೆ, ಹುಬ್ಬಳ್ಳಿ ಟೈಗರ್ಸ್ 2023ರಲ್ಲಿ ಮಹಾರಾಜ ಟ್ರೋಫಿಯನ್ನೇ ಗೆದ್ದಿತು. ಮೊದಲು ನೆಲ ಬಂತು, ಆಮೇಲೆ ತಂಡ. ಫುಟ್‌ಬಾಲಿನಲ್ಲಿ ಮೊದಲು ಬೋರ್ಡು ಬರುತ್ತದೆ.

ಫೀ ತೆಗೆದುಕೊಳ್ಳುವುದೇ ತಪ್ಪು ಎನ್ನುತ್ತಿಲ್ಲ. ಕೋಚ್‌ಗೂ ಹೊಟ್ಟೆಯಿದೆ. ಅದಕ್ಕೇ ಆ ಸಂಬಳವನ್ನು ಪಾಲಿಕೆಯೋ ಕ್ರೀಡಾ ಇಲಾಖೆಯೋ ಕೊಡಲಿ, ಕನಿಷ್ಠ 'ಡಿ' ಲೈಸೆನ್ಸ್ ಇರುವ ಇಬ್ಬರಿಗೆ. ಅವರಲ್ಲೊಬ್ಬರು ಹೆಣ್ಣುಮಗಳಾಗಿರಲಿ. ಹದಿನಾಲ್ಕರ ಒಳಗಿನವರಿಗೆ ಫೀ ಬೇಡ. ಮೈದಾನ ಚಿಗರಿ ಬಸ್ಸಿನ ದಾರಿಯಲ್ಲಿರಲಿ, ಎರಡೂ ಊರಿನ ಮಕ್ಕಳಿಗೆ ಸಿಗುತ್ತದೆ. ಅಭ್ಯಾಸ ಹಳ್ಳಿಗೆ ಹೋಗುವ ಕೊನೆಯ ಬಸ್ಸಿಗಿಂತ ಮುಂಚೆ ಮುಗಿಯಲಿ. ಇದನ್ನು ನಗರದ ಯಾವ ಯೋಜನಾ ವರದಿಯೂ ಬರೆಯುವುದಿಲ್ಲ.

ನಮ್ಮ ಪಾಲಿನ ತಪ್ಪನ್ನೂ ಬರೆಯಬೇಕು. ಅಕಾಡೆಮಿ ಉದ್ಘಾಟನೆಯ ಪ್ರೆಸ್‌ನೋಟ್ ಬರುತ್ತದೆ. ಪಂಚೆ ಎತ್ತಿ ಕಟ್ಟಿ ಚೆಂಡು ಒದೆಯುವ ಶಾಸಕರ ಫೋಟೊ ಬರುತ್ತದೆ. ನಾಲ್ಕು ಕಾಲಮ್ಮಿನಲ್ಲಿ ಹಾಕುತ್ತೇವೆ. ಆರು ತಿಂಗಳ ನಂತರ ಅಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ನೋಡಲು ನಮ್ಮಲ್ಲಿ ಯಾರು ಹೋಗಿದ್ದೇವೆ? ನಾನೂ ಹೋಗಿರಲಿಲ್ಲ, ಅಕ್ಕನ ಮಗ ಎಳೆದುಕೊಂಡು ಹೋಗುವ ತನಕ.

ಈ ವಾರ ಪಾಲಿಕೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದೇನೆ. ಪ್ರಶ್ನೆ ಮೂರು. ಕಳೆದ ಮೂರು ವರ್ಷಗಳಲ್ಲಿ ನಿಮ್ಮ ಮೈದಾನಗಳನ್ನು ಆಟ ಬಿಟ್ಟು ಬೇರೆ ಕೆಲಸಕ್ಕೆ ಎಷ್ಟು ದಿನ ಕೊಟ್ಟಿದ್ದೀರಿ? ಬಂದ ಬಾಡಿಗೆಯಲ್ಲಿ ನೆಲ ಸರಿಮಾಡಲು ಎಷ್ಟು ಖರ್ಚಾಗಿದೆ? ಶಾಲೆ ಬಿಟ್ಟ ಮೇಲೆ ದುಡ್ಡಿಲ್ಲದೆ ಮಕ್ಕಳು ಒಳಗೆ ಬರಬಹುದಾದ ಮೈದಾನ ಯಾವುದು, ಗೇಟಿನ ಕೀಲಿ ಯಾರ ಹತ್ತಿರ ಇರುತ್ತದೆ? ಉತ್ತರ ಬಂದ ದಿನ ಇಲ್ಲೇ ಹಾಕುತ್ತೇನೆ. ಧಾರವಾಡದ ಮೈದಾನಗಳ ಅರ್ಜಿಯನ್ನು ಯಾರಾದರೂ ಗೆಳೆಯರು ವಹಿಸಿಕೊಂಡರೆ ಒಳ್ಳೆಯದು.