ಬ್ಯಾಸಗಿ ಶಿಬಿರದಾಗ ಅಜ್ಜಿಗೂ ಒಂದು ಜಾಗಾ ಇರಲಿ

ಏಪ್ರಿಲ್ ಬಂತಂದ್ರ ನಮ್ಮ ಧಾರವಾಡದಾಗ ಓಣಿ ಓಣಿಗೂ ಶಿಬಿರದ ಬೋರ್ಡು. ಚಿತ್ರಕಲಾ, ಕರಾಟೆ, ಅಬ್ಯಾಕಸ್, ಎಲ್ಲಾ ಅದ. ಈ ಸಲ ಮಗಳು ಸೂಟಿಗೆ ಬಂದಾಕಿ ಮೊಮ್ಮಗಳನ್ನ ಊರ ಹೊರಗಿನ ಒಂದು ಪರಿಸರ ಶಿಕ್ಷಣ ಕೇಂದ್ರದ ಶಿಬಿರಕ್ಕ ಹಾಕಿದ್ಲು. ಕಾಗದದ ಮ್ಯಾಲೆ 'ಸಾರ್ವಜನಿಕರಿಗೆ' ಅಂತ ದಪ್ಪ ಅಕ್ಷರದಾಗ ಇತ್ತು. ಐದು ದಿನ, ಮುಂಜಾನೆ ಹತ್ತರಿಂದ ಒಂದರ ತನಕ. ಕರಕೊಂಡು ಹೋಗಿ ಬರೋ ಕೆಲಸ ಯಾರಿಗೆ? ಮತ್ಯಾರಿಗೆ, ನನಗ.

ಮೊದಲನೇ ದಿನಾ ನಾನೂ ಹುಡುಗ್ರ ಹಿಂದ ಹೊಂಟೆ. "ಅಮ್ಮಾರ, ನೀವು ಇಲ್ಲೇ ಕೂಡ್ರಿ, ಇದು ಮಕ್ಕಳಿಗೆ" ಅಂದ್ಲು ಕಲಿಸೋ ಹುಡುಗಿ. ಒರಟಾಗಿ ಅನ್ನಲಿಲ್ಲ, ಕುರ್ಚಿನೂ ಹಾಕಿಕೊಟ್ಲು. ನನ್ನಂಗ ಇನ್ನೂ ಏಳೆಂಟು ಮಂದಿ ಅಜ್ಜಿಯರು, ತಾಯಂದ್ರು ಇದ್ರು. ಮೊಬೈಲ್ ನೋಡಕೋತ, ಅಡಗಿ ಏನು ಮಾಡಿಟ್ಟು ಬಂದ್ರಿ ಅಂತ ಕೇಳಕೋತ ಮೂರು ತಾಸು ಕಳದ್ವಿ. ಸುಳ್ಳ ಯಾಕ ಹೇಳಲಿ, ಮನಸ್ಸಿಗೆ ಸ್ವಲ್ಪ ಕೆಟ್ಟ ಅನಿಸ್ತು.

ಮೂರನೇ ದಿನಾ ಹುಡುಗ್ರು ನಾವು ಕೂತಲ್ಲೇ ಬಂದ್ರು. ಗ್ವಾಡಿ ಮ್ಯಾಲೆ ಸಣ್ಣ ಗಡಗಿಯಂಥಾ ಮಣ್ಣಿನ ಗೂಡು ಇತ್ತು. ಅದು ಕಣಜದ ಗೂಡಂತ. ತಾಯಿ ಕಣಜ ಅದರೊಳಗ ತತ್ತಿ ಇಟ್ಟು, ಎಲಿ ತಿನ್ನೋ ಹುಳಾ ಹಿಡದು, ಚುಚ್ಚಿ ಜೋಮು ಹಿಡಿಸಿ ತಂದು ತುಂಬಿ ಬಾಯಿ ಮುಚ್ಚತದಂತ. ಮರಿ ದೊಡ್ಡದಾಗೋ ತನಕ ಅದೇ ಅದರ ಬುತ್ತಿ. ನಾ ಮೂವತ್ತು ವರ್ಷ ಹಬ್ಬ ಬಂದಾಗೊಮ್ಮೆ ಆ ಗೂಡು ಕಸಬರಿಗಿಲೇ ಕೆರದು ಒಗದೇನಿ! ಹಿತ್ತಲದ ಗಿಡಕ್ಕ ಹುಳಾ ಬಿದ್ದಾವ ಅಂತ ಔಷಧನೂ ಹೊಡದೇನಿ.

ಅಲ್ಲೇ ಬಾಜೂಕ ಒಂದು ಮುಳ್ಳಿನ ಕಂಟಿ ಇತ್ತು. ಆ ಹುಡುಗಿ ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದ್ಲು. ನನ್ನ ಬಾಜೂ ಕೂತಿದ್ದ ಕಾಕು ತಡೀಲಾರದ, "ಅಯ್ಯ, ಅದು ಕವಳಿ ಕಂಟಿ ಅಲ್ಲೇನವಾ? ಹಸರ ಕಾಯಿ ಉಪ್ಪಿನಕಾಯಿಗೆ, ಕಪ್ಪಾದ್ರ ತಿನ್ನಲಿಕ್ಕೆ. ಕಾಯಿ ಮುರದ್ರ ಹಾಲು ಬರತದ, ಅಂಗಿಗೆ ಹತ್ತಿಸಿಕೋಬ್ಯಾಡ್ರಿ" ಅಂದ್ರು. ಪ್ಯಾಟ್ಯಾಗ ಬುಟ್ಟಿ ಹೊತ್ತು ಕವಳಿಹಣ್ಣು ಮಾರೋ ಹೆಣ್ಣುಮಕ್ಕಳ ಸುದ್ದಿನೂ ಹೇಳಿದ್ರು. ಹುಡುಗ್ರೆಲ್ಲಾ ಕಾಕು ಸುತ್ತ ಕೂತ್ರು. ಕಲಿಸೋ ಹುಡುಗಿನೂ ವಹಿಯೊಳಗ ಬರಕೊಂಡ್ಲು. ಮುಂದಿನ ಎರಡು ದಿನ ನಮ್ಮನ್ನೂ ಕರಕೊಂಡು ಹೋದ್ಲು.

ಅದಕ್ಕ ನಾ ಹೇಳೋದು ಇಷ್ಟ. ಸಾರ್ವಜನಿಕರಿಗೆ ಅಂದ ಮ್ಯಾಲೆ ನಾವೂ ಅದರಾಗ ಬರತೀವಿ. 1991ರಾಗ ಸುಪ್ರೀಂ ಕೋರ್ಟು ಸಾಲಿ-ಕಾಲೇಜಿನಾಗ ಪರಿಸರ ಕಲಿಸ್ರಿ ಅಂತ ಹೇಳಿತು. ಅದೇ ಆದೇಶದಾಗ ಸಿನೆಮಾ ಥೇಟರು, ರೇಡಿಯೋ, ಟೀವಿ ಒಳಗೂ ಜನರಿಗೆ ತಿಳಸ್ರಿ ಅಂತಿತ್ತು. ಸಾಲಿ ಬಿಟ್ಟವರೂ ಕಲೀಬೇಕು ಅಂತ ಕೋರ್ಟಿಗೂ ಗೊತ್ತಿತ್ತು.

ಮನ್ಯಾಗ ಫಿನೈಲ್ ಎಷ್ಟು ಹಾಕಬೇಕು, ಹಸಿ ಕಸ ಎಲ್ಲಿ ಒಗೀಬೇಕು, ಅಂಗಳದ ಗಿಡ ಇರಬೇಕೋ ಬ್ಯಾಡೋ, ಇದನ್ನ ಎಂಟು ವರ್ಷದ ಹುಡುಗಿ ಠರಾವ್ ಮಾಡತದೇನು? ನಾವು ಮಾಡತೀವಿ. ನಮ್ಮ ಅಂಗಳದಾಗ ಒಂದು ಹುಲಗಲ ಗಿಡ ಇತ್ತು. ಎಲಿ ಬೀಳತಾವ, ಕಸಾ ಹೊಡದು ಸಾಕಾಗೇದ ಅಂತ ನಾನs ಹಟಾ ಮಾಡಿ ಕಡಸಿದೆ. ಆ ಗಿಡ ಬಿಸಲು ಏರೋದ್ರೊಳಗ ಎಲಿ ಉದುರಿಸಿ, ಏಪ್ರಿಲ್ಲಿಗೆ ಮತ್ತ ಹಸರಾಗಿ ನೆರಳು ಕೊಡತಿತ್ತು. ಕಸಾ ಎರಡು-ಮೂರು ವಾರದ್ದು, ನೆರಳು ಇಡೀ ಬ್ಯಾಸಗಿದು. ಈಗ ಪಡಸಾಲಿ ಕಾದ ಹಂಚಾಗೇದ. ಯಜಮಾನ್ರು ಇವತ್ತಿಗೂ ಒಂದು ಮಾತು ಅಂದಿಲ್ಲ, ಅದಕ್ಕs ಜಾಸ್ತಿ ಸಂಕಟ ಆಗತದ.

ಹೆಣ್ಣುಮಕ್ಕಳಿಗೆ ಇದೆಲ್ಲಾ ಯಾಕ ಅನ್ನೋರಿಗೆ ಒಂದು ಮಾತು. 1987ರ ನವೆಂಬರ್ 14ಕ್ಕ ನಮ್ಮ ಹಾನಗಲ್ಲ ತಾಲೂಕಿನ ಕುಸನೂರಾಗ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಆತು. ಗಾಂವಠಾಣಾ ಭೂಮಿಯೊಳಗ ಹಚ್ಚಿದ್ದ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ಹಚ್ಚಿದ್ರು. ಕಟಗಿ, ಮೇವು ಹೊತ್ತು ತರೋರಿಗೆ ಯಾವ ಗಿಡ ಬೇಕು ಅನ್ನೋದು ಶಿಬಿರಕ್ಕ ಹೋಗದs ಗೊತ್ತಿತ್ತು.

ದೊಡ್ಡವರು ಜೋಡಿ ಇದ್ರ ಹುಡುಗ್ರು ಬಾಯಿ ಬಿಡೂದಿಲ್ಲ ಅಂತ ಆ ಹುಡುಗಿ ಅಂದ್ಲು. ಅದೂ ಖರೇನ. ನಾವು ನಡುವ ಬಾಯಿ ಹಾಕೋರs! ಹಂಗಿದ್ರ ನಮ್ಮದs ಒಂದು ಬ್ಯಾರೆ ಬ್ಯಾಚ್ ಮಾಡ್ರಿ. ಹತ್ತು ಗಂಟೆಗೆ ಬ್ಯಾಡ, ಬಿಸಲೂ ಖರೆ, ಅಡಗಿನೂ ಖರೆ. ಮುಂಜಾನೆ ಆರರಿಂದ ಏಳೂವರಿ ಇಡ್ರಿ, ಹಕ್ಕಿನೂ ಆಗ ಒದರತಾವ. ಅಡ್ಡಮಳಿ ಆದ ಮ್ಯಾಲೆ ಒಂದು ಸಂಜಿಮುಂದ ಮಿಂಚುಹುಳ ತೋರಸ್ರಿ. ಐದು ದಿನ ಆಗದಿದ್ರ ಎರಡs ದಿನ ಸಾಕು. ಫೀ ಕಡಿಮಿ ಇರಲಿ. ಮನ್ಯಾಗ ಹುಡುಗ್ರ ಫೀ ಕೇಳದs ಕೊಡತಾರ, ನಮ್ಮ ಫೀಗೆ ನೂರು ಪ್ರಶ್ನಿ ಬರತಾವ.

ಈ ಮಳಿಗಾಲಕ್ಕ ಅದೇ ಜಾಗಾದಾಗ ಹುಲಗಲ ಸಸಿ ಹಚ್ಚಬೇಕು ಅಂತ ಮಾಡೇನಿ. ಮುಂದಿನ ಮಾರ್ಚಿನಾಗ ನಾಲ್ಕು ಮಂದಿ ಕೂಡಿ ಕೇಂದ್ರಕ್ಕ ಹೋಗಿ ನಮ್ಮ ಬ್ಯಾಚ್ ಕೇಳೋಣು. ವೈನಿ, ಅಕ್ಕಾರ, ಬಾಜೂ ಮನಿ ಕಾಕೂ, ಯಾರ್ಯಾರು ಬರತೀರಿ ಹೇಳ್ರಿ.