ಕಾಡಿನ ದಾರಿಯೂ ನಮ್ಮ ಭ್ರಮೆಗಳೂ

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಹೊರಟ ಯಾವ ಬಸ್ಸಿನಲ್ಲಿಯಾದರೂ ಕುಳಿತು ಜನರ ಮಾತಿಗೆ ಕಿವಿಗೊಟ್ಟರೆ, ಕಾಡುಪ್ರಾಣಿಗಳ ವಿಷಯದಲ್ಲಿ ನಮ್ಮವರ ತಿಳಿವಳಿಕೆ ಎಷ್ಟೆಂಬುದು ಬಂಡೀಪುರ ಬರುವುದರೊಳಗಾಗಿ ಗೊತ್ತಾಗುತ್ತದೆ. “ಅಷ್ಟು ದೊಡ್ಡ ಕಾಡಿರುವಾಗ ಆನೆ ರಸ್ತೆಗೇಕೆ ಬರಬೇಕು?” ಎಂದು ಒಬ್ಬರು ಕೇಳುತ್ತಾರೆ. “ರಾತ್ರಿ ರಸ್ತೆ ಮುಚ್ಚಿ ಯಾರನ್ನು ಉದ್ಧಾರ ಮಾಡಿದರು?” ಎಂದು ಇನ್ನೊಬ್ಬರು. “ನನ್ನ ಹೊಲಕ್ಕೆ ಬಂದ ಹಂದಿಯನ್ನು ನಾನು ಹಿಡಿದರೆ ಅದೂ ಬೇಟೆಯೇ?” ಎಂದು ಮೂರನೆಯವರು. ಈ ಮೂರು ಪ್ರಶ್ನೆಗಳಿಗೂ ಸಮಾಧಾನ ಹೇಳುವುದು ವಿದ್ಯಾವಂತರೆನಿಸಿಕೊಂಡ ನಮ್ಮ ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲನೆಯ ಪ್ರಶ್ನೆಯಲ್ಲಿಯೇ ಒಂದು ಭ್ರಮೆಯಿದೆ. ಆನೆ ರಸ್ತೆಗೆ ಬಂದುದಲ್ಲ. ಆನೆಯ ದಾರಿಗೆ ಅಡ್ಡವಾಗಿ ರಸ್ತೆ ಬಂದಿದೆ. ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡು ಎಂಬ ಹೆಸರುಗಳು ನಾವು ಆಡಳಿತದ ಅನುಕೂಲಕ್ಕಾಗಿ ಇಟ್ಟುಕೊಂಡವು. ಆನೆಗೆ ಅದೆಲ್ಲವೂ ಒಂದೇ ಕಾಡು. ದಿನವೊಂದಕ್ಕೆ ಸುಮಾರು ೧೫೦ ಕಿಲೋಗ್ರಾಮು ಮೇವು ಬೇಕಾದ ಪ್ರಾಣಿ ಒಂದೇ ಕಡೆ ನಿಂತು ಬದುಕಲಾರದು. ಬೇಸಗೆಯಲ್ಲಿ ಕೆರೆಗಳು ಬತ್ತಿದರೆ ಹಿಂಡುಹಿಂಡಾಗಿ ಕಬಿನಿಯ ಹಿನ್ನೀರಿನ ಕಡೆಗೆ ನಡೆಯುತ್ತವೆ. ಆ ನಡಿಗೆಯ ನಡುವೆ ನಮ್ಮ ಡಾಂಬರು ಸಿಕ್ಕುತ್ತದೆ, ಅಷ್ಟೆ. ಮರಿಗಳಿರುವ ಹಿಂಡು ದಾಟುತ್ತಿರುವಾಗ ಒಂದು ಕಾರು ನಡುವೆ ನುಗ್ಗಿದರೆ, ಈ ಬದಿಯಲ್ಲಿ ಉಳಿದ ತಾಯಿ ಕೆರಳುವುದು ಸಹಜವಲ್ಲವೇ? ಅದನ್ನೇ ನಾವು “ಪುಂಡಾಟ”ವೆಂದು ಕರೆಯುತ್ತೇವೆ. ರಸ್ತೆಯ ಪಕ್ಕದ ಎಚ್ಚರಿಕೆಯ ಫಲಕವನ್ನು ಓದಬೇಕಾದವನು ಚಾಲಕನೇ ಹೊರತು ಜಿಂಕೆಯಲ್ಲ. ಫಲಕವಿರುವ ಕಡೆ ಮಾತ್ರ ನಿಧಾನವಾಗಿ ಹೋಗಿ, ಅದು ಹಿಂದಾದೊಡನೆ ವೇಗ ಹೆಚ್ಚಿಸುವವನು ಪ್ರಾಣಿಗಳಿಗೂ ಅಕ್ಷರ ಬರುತ್ತದೆಂದು ನಂಬಿದಂತಿದೆ!

ಎರಡನೆಯದು ರಾತ್ರಿಯ ಸಂಚಾರದ ಮಾತು. ೨೦೦೯ರಲ್ಲಿ ಜಿಲ್ಲಾಡಳಿತವು ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ ೯ರಿಂದ ಬೆಳಗಿನ ೬ರವರೆಗೆ ವಾಹನ ಸಂಚಾರವನ್ನು ನಿಷೇಧಿಸಿತು. ೨೦೧೦ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರೋಗಿಗಳ ವಾಹನಕ್ಕೂ ಕೆಲವೇ ಸರ್ಕಾರಿ ಬಸ್ಸುಗಳಿಗೂ ವಿನಾಯಿತಿಯಿದೆ. ಉಳಿದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಹೋಗುವ ಸುತ್ತು ದಾರಿಯಿದೆ.

“ನಿಧಾನವಾಗಿ ಹೋದರೆ ಸಾಲದೆ, ಮುಚ್ಚಲೇಬೇಕೆ?” ಎಂಬ ವಾದವನ್ನು ಲೆಕ್ಕ ಹಾಕಿಯೇ ನೋಡೋಣ. ಗಂಟೆಗೆ ೮೦ ಕಿಲೋಮೀಟರು ಎಂದರೆ ಸೆಕೆಂಡಿಗೆ ೨೨ ಮೀಟರು. ಎದುರಿಗೆ ಪ್ರಾಣಿಯನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡಾದರೂ ಬೇಕು. ಆಗಲೇ ೨೨ ಮೀಟರು ಕಳೆಯಿತು. ಆಮೇಲೆ ವಾಹನ ನಿಲ್ಲಲು ಇನ್ನೂ ಅದಕ್ಕಿಂತ ಹೆಚ್ಚು ದೂರ ಬೇಕು; ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟಾಗುವುದು ನಿಯಮ. ಖಾಲಿ ರಸ್ತೆ ಸಿಕ್ಕಿದಾಗ ಗಂಟೆಗೆ ೪೦ರಲ್ಲಿ ಹೋಗುವ ಸಂಯಮಿಗಳು ನಮ್ಮಲ್ಲಿ ಎಷ್ಟು ಮಂದಿ? ಅತ್ತ ಕತ್ತಲೆಗೆ ಹೊಂದಿಕೊಂಡ ಪ್ರಾಣಿಯ ಕಣ್ಣು ದೀಪದ ಪ್ರಖರತೆಗೆ ಕುರುಡಾಗಿ, ಅದು ನಿಂತಲ್ಲಿಯೇ ನಿಲ್ಲುತ್ತದೆ. ಕತ್ತಲೆಯಲ್ಲಿ ಶಬ್ದವನ್ನು ನಂಬಿ ಬಾಣ ಬಿಟ್ಟು ಶ್ರವಣಕುಮಾರನನ್ನು ಕೊಂದ ದಶರಥನಿಗೆ ದ್ವೇಷವೇನೂ ಇರಲಿಲ್ಲ. ಆದರೂ ಶಾಪ ತಪ್ಪಲಿಲ್ಲ. ರಾತ್ರಿಯ ವೇಗಕ್ಕೂ ಅದೇ ಧರ್ಮ.

ಮಧ್ಯ ಭಾರತದ ಪೆಂಚ್ ಕಾಡಿನಲ್ಲಿ ೪೪ನೆಯ ರಾಷ್ಟ್ರೀಯ ಹೆದ್ದಾರಿಯ ಕೆಳಗೆ ಪ್ರಾಣಿಗಳಿಗಾಗಿ ದಾರಿಗಳನ್ನು ಕಟ್ಟಿದ್ದಾರೆ. ಹುಲಿಗಳೂ ಅವುಗಳಲ್ಲಿ ನಡೆದುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಅದು ಮೆಚ್ಚತಕ್ಕ ಕೆಲಸವೇ. ಆದರೆ ಅದು ಅಗಲಗೊಂಡ ಹೆದ್ದಾರಿಗೆ ಮಾಡಿದ ಚಿಕಿತ್ಸೆ. ನಮ್ಮಲ್ಲಿ ಒಂದು ಗೇಟು ಹಾಕುವುದರಿಂದ ಆಗುವ ಕೆಲಸಕ್ಕೆ ಕಾಡಿನ ನಡುವೆ ಕಂಬಗಳನ್ನು ನೆಡುವುದೇಕೆ?

ಮೂರನೆಯದು ಬೇಟೆ. ಬಂದೂಕು ಹಿಡಿದರೆ ಮಾತ್ರ ಬೇಟೆಯೆಂಬುದು ಬಹುಜನರ ನಂಬಿಕೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೆ ಹೇಳುವುದಿಲ್ಲ. ಉರುಳು ಹಾಕುವುದು, ವಿಷವಿಡುವುದು, ಬಲೆಯೊಡ್ಡುವುದು, ಅಟ್ಟಿಸಿಕೊಂಡು ಹೋಗುವುದು, ಹಾಗೆ ಮಾಡಲು ಪ್ರಯತ್ನಿಸುವುದು ಸಹ ಅದರ ದೃಷ್ಟಿಯಲ್ಲಿ ಬೇಟೆಯೇ. ಹೊಲ ನಮ್ಮದಾದ ಮಾತ್ರಕ್ಕೆ ಹಂದಿ ನಮ್ಮದಾಗುವುದಿಲ್ಲ. ವಾಹನಕ್ಕೆ ಸಿಕ್ಕಿ ಸತ್ತ ಜಿಂಕೆಯೂ ಕಂಡವರ ಪಾಲಲ್ಲ, ಸರ್ಕಾರದ ಸ್ವತ್ತು. ಅದು ಕೈಗೆ ಬಂದವರು ೪೮ ಗಂಟೆಗಳೊಳಗೆ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. “ಹಾಗಾದರೆ ಪ್ರಾಣಿ ಮೇಲೆ ಬಿದ್ದರೆ ಸಾಯಬೇಕೇ?” ಎಂದು ಕೇಳುವವರಿದ್ದಾರೆ. ಇಲ್ಲ; ಸದ್ಭಾವದಿಂದ ಪ್ರಾಣರಕ್ಷಣೆಗಾಗಿ ಮಾಡಿದುದನ್ನು ಅದೇ ಕಾಯಿದೆ ಅಪರಾಧವೆಂದು ಎಣಿಸುವುದಿಲ್ಲ. ಹಂದಿಗೆಂದು ಹಾಕಿದ ಉರುಳಿಗೆ ಚಿರತೆ ಬೀಳುತ್ತದೆ. ಹಂದಿಗೆಂದು ಇಟ್ಟ ಸಿಡಿಮದ್ದನ್ನು ಮೇಯಲು ಹೋದ ಹಸು ಕಚ್ಚುತ್ತದೆ. ಬೇಲಿಗೆ ಹರಿಸಿದ ವಿದ್ಯುತ್ತಿಗೆ ನೆರೆಯ ಹೊಲದವನೂ ಬಲಿಯಾಗಬಹುದು.

ಇಷ್ಟು ಹೇಳಿ ಸುಮ್ಮನಾದರೆ ನನ್ನ ಮಾತು ಅರ್ಧಸತ್ಯವಾದೀತು. ರಾಗಿ ತೆನೆಗಟ್ಟುವ ಕಾಲದಲ್ಲಿ ನಮ್ಮ ತಂದೆಯವರು ಅಟ್ಟಣೆಯ ಮೇಲೆ ನಿದ್ದೆಗೆಟ್ಟು ರಾತ್ರಿ ಕಳೆಯುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಶುಲ್ಕವೂ ಪುಸ್ತಕವೂ ಆ ಹೊಲದಿಂದಲೇ ಬಂದವು. ಒಂದು ರಾತ್ರಿ ಆನೆ ಇಳಿದರೆ ಒಂದು ವರ್ಷದ ಓದು ಹೋದಂತೆ. ಇಂಥವರ ಮುಂದೆ ನಿಂತು ಪ್ರಾಣಿದಯೆಯನ್ನು ಬೋಧಿಸುವುದು ಸುಲಭ. ಅವರ ಬೆಳೆನಷ್ಟವನ್ನು ಕಾಲಕ್ಕೆ ಸರಿಯಾಗಿ ತುಂಬಿಕೊಡುವುದು ಕಷ್ಟ. ಕಾಡು ಇಡೀ ನಾಡಿನ ಆಸ್ತಿಯಾದರೆ, ಅದರ ಕಾವಲಿನ ಕಂದಾಯವನ್ನು ಕಾಡಂಚಿನ ರೈತನೊಬ್ಬನೇ ಏಕೆ ತೆರಬೇಕು? ಪಟ್ಟಣದಿಂದ ಬಂದು ಕಾರು ನಿಲ್ಲಿಸಿ, ಕೋತಿಗೆ ಬಿಸ್ಕತ್ತು ಎಸೆದು, ಆನೆಯ ಮುಂದೆ ಚಿತ್ರ ತೆಗೆಸಿಕೊಳ್ಳುವವರ “ಪ್ರೇಮ”ವೂ ಒಂದು ಭ್ರಮೆಯೇ. ಲಾರಿಯಿಂದ ಎಸೆದ ಕಬ್ಬಿನ ರುಚಿ ಕಂಡ ಆನೆ ಮರುದಿನ ಲಾರಿಯನ್ನೇ ಕಾಯುತ್ತದೆ. ಅದರ ಫಲವನ್ನು ಉಣ್ಣುವವನು ಮುಂದೆ ಬರುವ ಬೈಸಿಕಲ್ಲಿನವನು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ರಾತ್ರಿಯ ಗೇಟು ಮುಚ್ಚಿಯೇ ಇರಲಿ, ಪರಿಹಾರದ ಕಚೇರಿಯ ಬಾಗಿಲು ಮಾತ್ರ ಸದಾ ತೆರೆದಿರಲಿ. ಎರಡರಲ್ಲಿ ಒಂದನ್ನೇ ಕೇಳುವವರು ಅರ್ಧ ನ್ಯಾಯವನ್ನು ಕೇಳುತ್ತಾರೆ. ಸಹಪಾಠಿಗಳೇ, ನಾಳೆ ನಮ್ಮಲ್ಲಿ ಕೆಲವರು ಅಧ್ಯಾಪಕರಾಗುವಿರಿ, ಕೆಲವರು ಗುಮಾಸ್ತರಾಗುವಿರಿ, ಹಲವರು ಮತ್ತೆ ಆ ಹೊಲಗಳಿಗೇ ಹಿಂದಿರುಗುವಿರಿ. ಪರಿಹಾರದ ಅರ್ಜಿ ಬರೆಯಲು ಬಾರದ ನೆರೆಯವನಿಗೆ ಒಂದು ಅರ್ಜಿ ಬರೆದುಕೊಡಿರಿ. ಉರುಳು ಹೊಸೆಯುತ್ತಿರುವವನಿಗೆ ಕಾನೂನನ್ನು ತಿಳಿಸಿಹೇಳಿರಿ. ನಾವು ಪಡೆದ ಪದವಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗಂತೂ ತೋರದು.